ಒಂದು ಗಂಟೆಯ ಕಾಳಗ, ನಾಲ್ಕು ತಿಂಗಳ ಕುಲುಮೆ: ಡಚ್ ಊರುಗಳ ಅಡ್ಡಬಿಲ್ಲಿನ ಕಥೆ

ಈ ಸಲದ ಬರಹ ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡೇ ಕೂತ್ಕೊಳ್ಳಿ. ಕನ್ನಡ ಕಲೀತಾ ಇರೋರಿಗೆ ಒಂದು ಮಾತು: ಹಳೆಯ ಪದ ಬಂದ ಕಡೆ ಅಲ್ಲೇ ಅರ್ಥ ಹೇಳಿದ್ದೀನಿ. ನಿಘಂಟು ಬೇಕಾಗಲ್ಲ.

ಆಮ್‌ಸ್ಟರ್‌ಡ್ಯಾಮ್‌ಗೆ ನೆಂಟರು ಬಂದಾಗ ನೀವು ಅವರನ್ನು ಎಲ್ಲೆಲ್ಲಿ ಸುತ್ತಿಸ್ತೀರಿ ಅನ್ನೋದು ನನಗೆ ಹೆಚ್ಚುಕಮ್ಮಿ ಗೊತ್ತು. ಕಾಲುವೆ, ಡಾಮ್ ಚೌಕ, ಆಮೇಲೆ ಫ್ಲೆಮಿಂಕ್ಸ್ ಅಂಗಡಿಯ ಆಲೂಗಡ್ಡೆ ಫ್ರೈಸ್. ಆ ಅಂಗಡಿ ಇರುವ ಸಣ್ಣ ಬೀದಿಯ ಹೆಸರು ಫೂಟ್‌ಬೋಖ್‌ಸ್ಟ್ರಾಟ್. ಪಕ್ಕದ ಬೀದಿ ಹಾಂಡ್‌ಬೋಖ್‌ಸ್ಟ್ರಾಟ್. ಡಚ್ಚಿನಲ್ಲಿ ‘ಫೂಟ್’ ಅಂದರೆ ಕಾಲು, ‘ಹಾಂಡ್’ ಅಂದರೆ ಕೈ, ‘ಬೋಖ್’ ಅಂದರೆ ಬಿಲ್ಲು. ಕಾಲ್‌ಬಿಲ್ಲಿನ ಬೀದಿ, ಕೈಬಿಲ್ಲಿನ ಬೀದಿ!

ಕೈಬಿಲ್ಲು ನಮಗೆ ಗೊತ್ತಿರೋದೇ, ರಾಮ–ಅರ್ಜುನರ ಕೈಯಲ್ಲಿ ಕಾಣುವಂಥದ್ದು. ಕಾಲ್‌ಬಿಲ್ಲು ಅಂದರೆ ಕ್ರಾಸ್‌ಬೋ. ಕನ್ನಡದಲ್ಲಿ ಅಡ್ಡಬಿಲ್ಲು ಅಂತೀವಿ. ಒಂದು ಮರದ ದಿಮ್ಮಿಗೆ ಬಿಲ್ಲನ್ನು ಅಡ್ಡಲಾಗಿ ಕಟ್ಟಿರ್ತಾರೆ. ಅದರ ಹೆದೆಯನ್ನು, ಅಂದರೆ ಬಿಲ್ಲಿನ ಹುರಿಯನ್ನು, ಬರೀ ತೋಳಿನ ಬಲದಿಂದ ಎಳೆಯೋಕೆ ಆಗಲ್ಲ. ಆದ್ದರಿಂದ ದಿಮ್ಮಿಯ ತುದಿಯಲ್ಲಿ ಕುದುರೆಯ ರಿಕಾಪಿನಂಥ ಒಂದು ಬಳೆ. ಅದರಲ್ಲಿ ಕಾಲಿಟ್ಟು, ನೆಲಕ್ಕೆ ಒತ್ತಿ, ಇಡೀ ಮೈಯ ಬಲ ಹಾಕಿ ಹೆದೆ ಏರಿಸಬೇಕು. ಹಾಗಾಗಿ ಕಾಲ್‌ಬಿಲ್ಲು.

ಈ ಆಯುಧದ ಬಗ್ಗೆ ಹುಡುಕಿದರೆ ಎಲ್ಲ ಕಡೆ ಬಿಲ್ಲಿನ ವರ್ಣನೆಯೇ ಸಿಗುತ್ತೆ. ನನ್ನ ಕೆಲಸ ಡೇಟಾ, ಹಾಗಾಗಿ ನನಗೆ ಬೇರೆ ಪ್ರಶ್ನೆ ಬರುತ್ತೆ. ಬಿಲ್ಲನ್ನು ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತೆ. ಬಾಣ? ಬಿಟ್ಟ ಬಾಣ ಹೋಯಿತು. ಮತ್ತೆ ಬೇಕು, ಮತ್ತೆ ಬೇಕು. ಅವನ್ನೆಲ್ಲ ಮಾಡ್ತಿದ್ದವರು ಯಾರು, ದುಡ್ಡು ಕೊಡ್ತಿದ್ದವರು ಯಾರು, ಎಣಿಸಿ ಇಡ್ತಿದ್ದವರು ಯಾರು? ಇವತ್ತಿನ ಮಾತೆಲ್ಲ ಆ ಬಾಣದ ಬಗ್ಗೆ.

ಗಿಡ್ಡ, ದಪ್ಪ, ಭಾರ

ಅಡ್ಡಬಿಲ್ಲಿನ ಬಾಣಕ್ಕೆ ಇಂಗ್ಲಿಷಿನಲ್ಲಿ ಬೋಲ್ಟ್ ಅಂತಾರೆ, ಡಚ್ಚಿನಲ್ಲಿ ‘ಬೌಟ್’. ಹೌದು, ಐಕಿಯಾ ಮೇಜು ಜೋಡಿಸುವಾಗ ಕೈಗೆ ಬರುವ ಅದೇ ಬೋಲ್ಟು. ಇಂಗ್ಲಿಷಿನಲ್ಲಿ ಬಾಣಕ್ಕೆ ಮೊದಲು ಆ ಹೆಸರಿತ್ತು. ಬಾಗಿಲ ಅಗುಳಿಗೆ, ನಟ್ಟು ಹಾಕಿ ಬಿಗಿಯುವ ಕಬ್ಬಿಣದ ಕಡ್ಡಿಗೆ ಆಮೇಲೆ ಬಂತು. ಗ್ಯಾರೇಜಿನಲ್ಲಿ ‘ನಟ್ಟು ಬೋಲ್ಟು’ ಅನ್ನುವ ನಮ್ಮೂರ ಮೆಕ್ಯಾನಿಕ್ ಗೊತ್ತಿಲ್ಲದೇ ಒಂದು ಹಳೆಯ ಯುರೋಪಿನ ಬಾಣದ ಹೆಸರು ಹೇಳ್ತಿದ್ದಾನೆ. ಇದಕ್ಕೆ ಇನ್ನೊಂದು ಹೆಸರು ‘ಕ್ವಾರೆಲ್’. ಲ್ಯಾಟಿನ್ನಿನ ಚೌಕ ಅನ್ನುವ ಪದದಿಂದ ಬಂದದ್ದು. ಬಾಣದ ಅಲಗು, ಅಂದರೆ ತುದಿಯ ಕಬ್ಬಿಣ, ಅಡ್ಡ ಕತ್ತರಿಸಿ ನೋಡಿದರೆ ಚೌಕಾಕಾರ ಇರ್ತಿತ್ತು.

ಒಂದು ಸಾಧಾರಣ ಬೋಲ್ಟ್ 35ರಿಂದ 40 ಸೆಂಟಿಮೀಟರ್ ಉದ್ದ, 50ರಿಂದ 90 ಗ್ರಾಂ ತೂಕ. ಬಿಜಾಂಟಿಯಂ ಸಾಮ್ರಾಜ್ಯದ ರಾಜಕುಮಾರಿ ಅನ್ನಾ ಕೊಮ್ನಿನಿ 12ನೇ ಶತಮಾನದಲ್ಲಿ ಬರೆದ ‘ಅಲೆಕ್ಸಿಯಡ್’ ಗ್ರಂಥದಲ್ಲಿ ಪಶ್ಚಿಮದವರ ಈ ಆಯುಧವನ್ನು ವರ್ಣಿಸ್ತಾಳೆ. ಬಾಣ ಗಿಡ್ಡ, ಆದರೆ ದಪ್ಪ, ಮುಂದೆ ತುಂಬ ಭಾರದ ಕಬ್ಬಿಣ ಅನ್ನೋದು ಆಕೆಯ ಕಣ್ಣಿಗೂ ಮೊದಲು ಬಿತ್ತು.

ಯಾಕೆ ಹೀಗೆ? ಇದರ ಹಿಂದಿನ ಭೌತಶಾಸ್ತ್ರ ಸರಳ. ಕೈಬಿಲ್ಲಿನ ಹೆದೆಯನ್ನು ಕಿವಿಯ ತನಕ ಎಳೀತಾರೆ. ಅಲ್ಲಿಂದ ಬಿಟ್ಟಾಗ ಅದು ಬಾಣವನ್ನು ಅರ್ಧ ಮೀಟರಿಗೂ ಹೆಚ್ಚು ದೂರ ತಳ್ಳಿಕೊಂಡು ಬರುತ್ತೆ. ಅಡ್ಡಬಿಲ್ಲಿನಲ್ಲಿ ಹೆದೆ ಓಡುವ ದೂರ ಬಹಳ ಕಡಿಮೆ, ದೊಡ್ಡ ಉಕ್ಕಿನ ಬಿಲ್ಲಿನಲ್ಲೂ ಸುಮಾರು ಒಂದು ಗೇಣು, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಷ್ಟರಲ್ಲೇ ಎಲ್ಲ ಬಲವನ್ನೂ ಬಾಣಕ್ಕೆ ಕೊಟ್ಟು ಮುಗಿಸಬೇಕು. ಬಾಣ ತೆಳ್ಳಗಿದ್ದರೆ ಆ ಏಟಿಗೆ ಸೀಳಿಹೋಗುತ್ತೆ. ಹಗುರ ಇದ್ದರೆ ಬಲವೆಲ್ಲ ಬಿಲ್ಲಿನಲ್ಲೇ ಉಳಿದುಬಿಡುತ್ತೆ. ಟೇಬಲ್ ಟೆನಿಸ್ ಚೆಂಡನ್ನು ಎಷ್ಟು ಜೋರಾಗಿ ಎಸೆದರೂ ನಿಮ್ಮ ರಟ್ಟೆಯಷ್ಟೇ ನೋಯುತ್ತೆ, ಎದುರಿನ ಗಾಜು ಒಡೆಯಲ್ಲ. ಕ್ರಿಕೆಟ್ ಚೆಂಡಾದರೆ ಕಥೆ ಬೇರೆ, ಅಲ್ವಾ?

ಹಾಗಾಗಿ ಗಟ್ಟಿ ಮರದ ದಪ್ಪ ಕಡ್ಡಿ, ಮುಂದೆ ಭಾರದ ಅಲಗು. ಗರಿಗಳೂ ಬೇರೆ ಥರ. ಕೈಬಿಲ್ಲಿನ ಬಾಣಕ್ಕೆ ಮೂರು ಗರಿ ಇದ್ದರೆ ಇದಕ್ಕೆ ಸಾಮಾನ್ಯವಾಗಿ ಎರಡೇ. ಬೋಲ್ಟು ದಿಮ್ಮಿಯ ಮೇಲಿನ ಕಾಲುವೆಯಂಥ ಜಾಡಿನಲ್ಲಿ ಮಲಗಿರುತ್ತೆ, ಕೆಳಗಡೆ ಇನ್ನೊಂದು ಗರಿಗೆ ಜಾಗ ಇಲ್ಲ. ಹಕ್ಕಿಯ ಗರಿಯೇ ಆಗಬೇಕು ಅಂತಲೂ ಇಲ್ಲ. ತೆಳ್ಳನೆಯ ಮರದ ಸಿಪ್ಪೆ, ತೊಗಲು, ಚರ್ಮದ ಹಾಳೆ ಎಲ್ಲ ನಡೀತಿತ್ತು. ಗರಿಯನ್ನು ಸ್ವಲ್ಪ ಓರೆಯಾಗಿ ಕೂರಿಸಿ, ಹಾರುವಾಗ ತಿರುಗುವಂತೆ ಮಾಡಿದ ಬೋಲ್ಟುಗಳೂ ಇದ್ದವು.

ಇದರ ಹೊಡೆತ ಎಷ್ಟು ದೂರ? ಇಂಗ್ಲೆಂಡಿನ ರಾಲ್ಫ್ ಪೇನ್-ಗಾಲ್ವೇ ಅನ್ನುವವರು 1903ರಲ್ಲಿ ಅಡ್ಡಬಿಲ್ಲಿನ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದರು. ಹೆದೆ ಎಳೆಯಲು ಸುಮಾರು 540 ಕಿಲೋ ಬಲ ಬೇಕಾಗುವ ಒಂದು ಹಳೆಯ ಮುತ್ತಿಗೆಯ ಬಿಲ್ಲನ್ನು ರಿಪೇರಿ ಮಾಡಿಸಿ, ವೇಲ್ಸಿನ ಮೆನೈ ಜಲಸಂಧಿಯ ಆಚೆ ದಡಕ್ಕೆ ಬೋಲ್ಟ್ ಹೊಡೆದು ನೋಡಿದರು. ಅದು 400 ಮೀಟರಿಗೂ ಹೆಚ್ಚು ದೂರ ಹೋಯಿತು.

ಈಗ ಲೆಕ್ಕ ಹಾಕೋಣ

ಬೋಲ್ಟ್ ತಯಾರಿಕೆಯ ಒಳ್ಳೆಯ ಅಂಕಿಗಳು ಸಿಗೋದು ಇಂಗ್ಲೆಂಡಿನ ರಾಜಮನೆತನದ ಕಡತಗಳಲ್ಲಿ. ಅದಕ್ಕೆ ಒಂದು ನಿಮಿಷ ಸಮುದ್ರ ದಾಟಿ ಹೋಗೋಣ. ಗ್ಲೌಸ್ಟರ್‌ಶೈರ್‌ನ ಸೇಂಟ್ ಬ್ರಯವೆಲ್ಸ್ ಕೋಟೆ 13ನೇ ಶತಮಾನದಲ್ಲಿ ರಾಜನ ಬೋಲ್ಟ್ ಕಾರ್ಖಾನೆ ಆಗಿತ್ತು. ಸುತ್ತ ಡೀನ್ ಕಾಡು, ಅಂದರೆ ಕಬ್ಬಿಣದ ಅದಿರೂ ಉಂಟು, ಇದ್ದಿಲಿಗೆ ಮರವೂ ಉಂಟು. ಅಲ್ಲಿನ ಮುಖ್ಯ ಕುಶಲಿಗ ಜಾನ್ ಮಾಲ್ಮಾರ್ಟ್. ಅವನ ಕುಲುಮೆಯ ಪ್ರಮಾಣ ದಿನಕ್ಕೆ 100 ಬೋಲ್ಟ್. ಗರಿ ಕೂರಿಸೋಕೆ ಬೇರೆ ಆಳು.

ಈಗ ನಮ್ಮದೇ ಒಂದು ಅಂದಾಜು ಮಾಡೋಣ. ಒಂದು ಊರಿನ ಗೋಡೆಯ ಮೇಲೆ 100 ಜನ ಅಡ್ಡಬಿಲ್ಲಿನವರು ಇದ್ದಾರೆ. ಒಬ್ಬೊಬ್ಬರು ನಿಮಿಷಕ್ಕೆ ಎರಡು ಬೋಲ್ಟ್ ಬಿಡ್ತಾರೆ. ಒಂದು ಗಂಟೆ ಬಿಡದೆ ಹೊಡೆದರೆ 100 × 2 × 60, ಅಂದರೆ 12,000 ಬೋಲ್ಟ್. ದಿನಕ್ಕೆ 100ರ ಲೆಕ್ಕದಲ್ಲಿ ಇದು 120 ದಿನದ ಕೆಲಸ. ಒಂದು ಬೋಲ್ಟಿಗೆ 80 ಗ್ರಾಂ ಹಿಡಿದರೆ ಒಟ್ಟು 960 ಕಿಲೋ.

ಒಂದು ಗಂಟೆಯ ಕಾಳಗ. ಒಂದು ಕುಲುಮೆಯ ನಾಲ್ಕು ತಿಂಗಳ ದುಡಿಮೆ. ಹತ್ತಿರ ಹತ್ತಿರ ಒಂದು ಟನ್ ಮರ ಮತ್ತು ಕಬ್ಬಿಣ.

ನಿಜವಾದ ಯುದ್ಧದಲ್ಲಿ ಯಾರೂ ಹೀಗೆ ಗಂಟೆಗಟ್ಟಲೆ ಒಂದೇ ಸಮನೆ ಹೊಡೀತಿರಲಿಲ್ಲ. ಹೊಡೆಯದೇ ಇದ್ದುದಕ್ಕೆ ಒಂದು ಕಾರಣ ಈ ಲೆಕ್ಕವೇ. ಬೋಲ್ಟನ್ನು ಪೀಪಾಯಿಗಳಲ್ಲಿ, ಪೆಟ್ಟಿಗೆಗಳಲ್ಲಿ ತುಂಬಿಟ್ಟು, ಸಾವಿರದ ಲೆಕ್ಕದಲ್ಲಿ ಎಣಿಸಿ, ಬೇಕಾದಾಗ ಬೇಕಾದ ಗೋಪುರಕ್ಕೆ ಹೊರಬೇಕಿತ್ತು. ಹೊರುವುದು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ 1346ರ ಕ್ರೆಸಿ ಯುದ್ಧವೇ ಉದಾಹರಣೆ. ಫ್ರಾನ್ಸಿನ ರಾಜ ಸಂಬಳ ಕೊಟ್ಟು ಕರೆಸಿದ್ದ ಜಿನೋವಾದ ಅಡ್ಡಬಿಲ್ಲಿನವರು ಆ ಕಾಲಕ್ಕೆ ಹೆಸರಾಂತ ಪಡೆ. ಆದರೆ ಅವರ ದೊಡ್ಡ ಗುರಾಣಿಗಳು ಹಿಂದೆ ಬರುತ್ತಿದ್ದ ಸಾಮಾನಿನ ಗಾಡಿಗಳಲ್ಲೇ ಉಳಿದವು. ಹೆದೆ ಏರಿಸುವಾಗ ಮರೆಯಾಗಲು ಏನೂ ಇಲ್ಲದೆ, ಅವರಿಗಿಂತ ಎಷ್ಟೋ ಪಟ್ಟು ಬೇಗ ಬಾಣ ಬಿಡುವ ಇಂಗ್ಲಿಷ್ ಬಿಲ್ಲಾಳುಗಳ ಮುಂದೆ ಅವರು ಬಯಲಲ್ಲಿ ನಿಂತರು. ಬಿಲ್ಲು ಕೈಯಲ್ಲೇ ಇತ್ತು. ಸೋಲಿಸಿದ್ದು ಹಿಂದೆ ಉಳಿದ ಗಾಡಿ.

ಗೋಡೆ ಇದ್ದರೆ ಕಥೆ ತಿರುಗುತ್ತೆ

ಬಯಲಿನಲ್ಲಿ ಅಡ್ಡಬಿಲ್ಲಿನ ದೊಡ್ಡ ದೋಷ ಅದರ ನಿಧಾನ. ಆದರೆ ಮುಂದೆ ಒಂದು ಗೋಡೆ ಇದ್ದರೆ ಆ ದೋಷ ಅರ್ಧಕ್ಕರ್ಧ ಮಾಯ. ಗೋಡೆಯ ಹಿಂದೆ ಕೂತು ನಿಧಾನವಾಗಿ ಹೆದೆ ಏರಿಸಬಹುದು, ಬೋಲ್ಟ್ ಕೂರಿಸಿ ಕಾಯಬಹುದು, ಕಿಂಡಿಯ ಮುಂದೆ ಯಾರಾದರೂ ಬಂದಾಗ ಕೀಲು ಒತ್ತಿದರೆ ಸಾಕು. ಕೈಬಿಲ್ಲನ್ನು ಎಳೆದು ಹಾಗೇ ಎಷ್ಟು ಹೊತ್ತು ಹಿಡಿಯಬಹುದು? ಕೆಲವು ಸೆಕೆಂಡು. ಜೊತೆಗೆ ದೊಡ್ಡ ಕೈಬಿಲ್ಲಿಗೆ ಚಿಕ್ಕಂದಿನಿಂದಲೇ ಮೈ ಪಳಗಬೇಕು. ಅಡ್ಡಬಿಲ್ಲನ್ನು ವಾರವೆಲ್ಲ ಬೇರೆ ಕೆಲಸ ಮಾಡುವ ಬೇಕರಿಯವನೋ ಬಟ್ಟೆ ವ್ಯಾಪಾರಿಯೋ ಕಲಿತು ಸಾಕಷ್ಟು ಚೆನ್ನಾಗಿ ಬಳಸಬಹುದಿತ್ತು.

ಈಗ ಡಚ್ ನಕಾಶೆ ಕಣ್ಣ ಮುಂದೆ ತಂದುಕೊಳ್ಳಿ. ಇಂದಿನ ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ಸೇರಿದ ತಗ್ಗುನಾಡು ಆಗ ವ್ಯಾಪಾರದ ಊರುಗಳಿಂದ ತುಂಬಿತ್ತು. ಹಾಲೆಂಡಿನಲ್ಲಿ ಕಾಡು ಕಡಿಮೆ, ಕಬ್ಬಿಣದ ಗಣಿ ಇಲ್ಲ. ಆದರೆ ನದಿ ಇತ್ತು, ಹಡಗು ಇತ್ತು, ದುಡ್ಡಿತ್ತು. ರೈನ್ ನದಿಯ ಮೇಲಿಂದ, ಬಾಲ್ಟಿಕ್ ಸಮುದ್ರದ ಕಡೆಯಿಂದ ಸರಕು ಬರ್ತಿತ್ತು. ಇನ್ನೂ ಒಂದು ಇತ್ತು: ಲೆಕ್ಕ ಬರೆಯುವ ಅಭ್ಯಾಸ. ಡೋರ್ಡ್ರೆಕ್ಟ್ ಊರಿನ ಜಮಾ-ಖರ್ಚಿನ ಪುಸ್ತಕಗಳು 1280ರ ದಶಕದಿಂದ ಉಳಿದಿವೆ, ಡೆವೆಂಟರ್ ಊರಿನವು 1330ರ ದಶಕದಿಂದ. ಬೋಲ್ಟಿನಂಥ ಖರ್ಚಾಗುವ ಸಾಮಾನನ್ನು ವರ್ಷದಿಂದ ವರ್ಷಕ್ಕೆ ಕೊಂಡು, ಎಣಿಸಿ, ದಾಸ್ತಾನು ಇಡೋಕೆ ಬೇಕಾದದ್ದು ಇಂಥ ಊರೇ.

ಕುದುರೆ ಮೇಲಿನ ನೈಟ್‌ಗಳಿಗೆ ಇದು ಸಹಿಸಲಾಗದ ಸಂಗತಿ. ಒಬ್ಬ ನೈಟ್‌ನ ಕವಚ, ಕುದುರೆ, ಬಾಲ್ಯದಿಂದಲೂ ಪಡೆದ ತರಬೇತಿ ಎಲ್ಲ ಸೇರಿ ಒಂದು ಸಣ್ಣ ಜಮೀನ್ದಾರಿಯ ಬೆಲೆ. ಅವನನ್ನು ಉರುಳಿಸೋಕೆ 80 ಗ್ರಾಂ ಬೋಲ್ಟ್ ಸಾಕು. ಇಂಗ್ಲೆಂಡಿನ ರಾಜ ಒಂದನೇ ರಿಚರ್ಡ್ 1199ರಲ್ಲಿ ಫ್ರಾನ್ಸಿನ ಶಾಲ್ಯೂ ಕೋಟೆಯ ಮುಂದೆ ಇಂಥದ್ದೇ ಗಾಯದಿಂದ ಸತ್ತ. ಹೊಡೆದವನು ಗೋಡೆಯ ಮೇಲಿದ್ದ ಒಬ್ಬ ಸಾಮಾನ್ಯ ಆಳು. ಅದಕ್ಕೂ ಮೊದಲೇ, 1139ರಲ್ಲಿ, ರೋಮಿನ ಎರಡನೇ ಲ್ಯಾಟರನ್ ಧರ್ಮಸಭೆ ಕ್ರೈಸ್ತರ ವಿರುದ್ಧ ಅಡ್ಡಬಿಲ್ಲನ್ನೂ ಬಿಲ್ಲನ್ನೂ ಬಳಸಬಾರದು ಅಂತ ನಿಷೇಧ ಹಾಕಿತ್ತು. ಯಾರೂ ಕೇಳಲಿಲ್ಲ.

ತಗ್ಗುನಾಡಿನ ಎರಡು ಕಾಳಗಗಳನ್ನು ನೋಡೋಣ. 1302ರ ಜುಲೈ 11, ಇಂದಿನ ಬೆಲ್ಜಿಯಂನ ಕೋರ್ಟ್ರೈಕ್. ಫ್ಲಾಂಡರ್ಸ್ ಊರುಗಳ ನೇಕಾರರು, ಕುಶಲಿಗರು ಕಾಲಾಳುಗಳಾಗಿ ನಿಂತು ಫ್ರಾನ್ಸಿನ ನೈಟ್‌ಗಳನ್ನು ಸೋಲಿಸಿದರು. ಕಾಳಗ ಶುರುವಾಗಿದ್ದು ಎರಡೂ ಕಡೆಯ ಅಡ್ಡಬಿಲ್ಲಿನವರಿಂದ. ಆದರೆ ಗೆಲ್ಲಿಸಿದ್ದು ಬೋಲ್ಟ್ ಅಲ್ಲ. ಹಳ್ಳಗಳಿದ್ದ ಒದ್ದೆ ನೆಲ, ಉದ್ದ ಈಟಿ, ‘ಖುದೆಂಡಾಖ್’ ಅನ್ನುವ ಮೊನೆ ಇದ್ದ ದೊಣ್ಣೆ, ಮತ್ತು ಸಾಲು ಬಿಡದೆ ನಿಂತ ಜನ.

ಎರಡನೆಯದು ನೆದರ್‌ಲ್ಯಾಂಡ್ಸ್ ಒಳಗೇ, ಝೇಲಾಂಡಿನ ಝೀರಿಕ್ಝೇ ಊರಿನಲ್ಲಿ. ಬೇಸಿಗೆಯಲ್ಲಿ ಸಮುದ್ರ ತೀರಕ್ಕೆ ಹೋಗುವಾಗ ನೀವು ದಾಟಿರುವ ಊರು. 1304ರಲ್ಲಿ ಫ್ಲಾಂಡರ್ಸ್‌ನ ಗೈ ಆಫ್ ನಾಮೂರ್ ಇದಕ್ಕೆ ಮುತ್ತಿಗೆ ಹಾಕಿದ. ಊರಿನವರು ಗೋಡೆಯ ಹಿಂದೆ ತಡೆದು ನಿಂತರು. ನೆರವಿಗೆ ಹಾಲೆಂಡ್ ಮತ್ತು ಫ್ರಾನ್ಸಿನ ನೌಕಾಪಡೆ ಬಂತು, ಅದರ ನಾಯಕ ಜಿನೋವಾದ ರೈನಿಯೆರ್ ಗ್ರಿಮಾಲ್ಡಿ. ಆಗಸ್ಟ್ 10 ಮತ್ತು 11ರಂದು ಊರಿನ ಹತ್ತಿರದ ನೀರಿನಲ್ಲೇ ನೌಕಾಯುದ್ಧ ನಡೆದು, ಗೈ ಸೆರೆಯಾದ. ಆ ಕಾಲದ ನೌಕಾಯುದ್ಧದಲ್ಲಿ ಹಡಗು ಅಂದರೆ ತೇಲುವ ಗೋಡೆ. ಅಂಚಿನ ಮರೆಯಿಂದ, ಎತ್ತರದ ಕಟ್ಟೆಗಳಿಂದ ಬೋಲ್ಟ್ ಸುರಿಸಿ, ಎದುರು ಹಡಗಿನ ಜನ ತಲೆ ಎತ್ತದಂತೆ ಮಾಡಿ, ಆಮೇಲೆ ಹತ್ತಿ ಹಿಡಿಯೋದು. ಗಾಡಿಯಲ್ಲಿ ಹೊರಲಾಗದ ಟನ್‌ಗಟ್ಟಲೆ ಬೋಲ್ಟನ್ನು ಹಡಗು ಸುಲಭವಾಗಿ ಹೊರುತ್ತೆ ಅನ್ನೋದನ್ನೂ ನೆನಪಿಡಿ.

ಎರಡೂ ಕಥೆ ಸೇರಿಸಿ ನೋಡಿದರೆ ಅಡ್ಡಬಿಲ್ಲಿನ ನಿಜವಾದ ಪಾತ್ರ ಕಾಣುತ್ತೆ. ಅದು ಒಂದೇ ಏಟಿಗೆ ಯುದ್ಧ ಗೆಲ್ಲಿಸುವ ಬ್ರಹ್ಮಾಸ್ತ್ರ ಅಲ್ಲ. ಊರು ಬಿದ್ದುಹೋಗದಂತೆ ದಿನಗಟ್ಟಲೆ, ತಿಂಗಳುಗಟ್ಟಲೆ ಹಿಡಿದು ನಿಲ್ಲಿಸುವ ಸಾಧನ. ಎಷ್ಟು ದಿನ ನಿಲ್ಲಿಸುತ್ತೆ ಅನ್ನೋದು ಉಗ್ರಾಣದಲ್ಲಿ ಎಷ್ಟು ಪೀಪಾಯಿ ಇದೆ ಅನ್ನೋದರ ಮೇಲೆ ನಿಂತಿರುತ್ತೆ.

ನಮ್ಮ ಕಡೆಯಲ್ಲೂ ಇದರ ನೆನಪು ತರುವ ಒಂದು ಸಾಕ್ಷಿ ಇದೆ. ಟಿಪ್ಪುವಿನ ರಾಕೆಟ್ಟಿನ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡ್ತೀವಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಒಂದು ಹಾಳುಬಾವಿಯ ಕೆಸರು ತೆಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಒಂದು ರಾಕೆಟ್ ಸಿಕ್ಕಿದ್ದರೆ ಅದನ್ನು ಜಾಣ್ಮೆ ಅಂತೀವಿ. ಸಾವಿರ ಸಿಕ್ಕಾಗ ಅದರ ಹಿಂದೆ ಕಬ್ಬಿಣ ಬಡಿದವರು, ಮದ್ದು ತುಂಬಿದವರು, ಉಗ್ರಾಣದವರು ಎಲ್ಲ ಕಾಣ್ತಾರೆ.

ಗಿಲ್ಡ್, ಗುರಿ, ಗಿಳಿ

ಡಚ್ ಊರುಗಳಲ್ಲಿ ಅಡ್ಡಬಿಲ್ಲು ಹಿಡಿದವರು ಸಂಘ ಕಟ್ಟಿಕೊಂಡಿದ್ದರು. ಇವೇ ಸ್ಖುಟ್ಟರ್ ಗಿಲ್ಡ್‌ಗಳು. ಸ್ಖುಟ್ಟರ್ ಅಂದರೆ ಗುರಿಕಾರ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೂರು ಇದ್ದವು: ಸೇಂಟ್ ಜಾರ್ಜ್ ಹೆಸರಿನ ಕಾಲ್‌ಬಿಲ್ಲಿನವರು, ಸೇಂಟ್ ಸೆಬಾಸ್ಟಿಯನ್ ಹೆಸರಿನ ಕೈಬಿಲ್ಲಿನವರು, ಆಮೇಲೆ ಬಂದ ಕ್ಲೋವೆನಿಯರ್ಸ್ ಅನ್ನುವ ಬಂದೂಕಿನವರು. ಕಾವಲು ಕಾಯೋದು, ಗಲಭೆ ತಡೆಯೋದು, ಯುದ್ಧ ಬಂದರೆ ಗೋಡೆ ಹತ್ತೋದು ಇವರ ಕೆಲಸ. ಅಭ್ಯಾಸಕ್ಕೆ ಉದ್ದನೆಯ ಬಯಲು, ಪಕ್ಕದಲ್ಲಿ ಊಟದ ಹಾಲ್. ಆ ಜಾಗಕ್ಕೆ ‘ದೂಲೆನ್’ ಅಂತ ಹೆಸರು. ಡಚ್ಚಿನಲ್ಲಿ ‘ದೂಲ್’ ಅಂದರೆ ಗುರಿ. ನಿಮ್ಮ ಮಕ್ಕಳ ಫುಟ್‌ಬಾಲ್ ಆಟದಲ್ಲಿ ಗೋಲಿಗೆ ಹೇಳುವ ಪದವೂ ಇದೇ. ರಾಟರ್‌ಡ್ಯಾಮ್‌ನ ಸಂಗೀತ ಭವನದ ಹೆಸರು ದ ದೂಲೆನ್ ಆಗಿರೋದೂ ಇದರಿಂದಲೇ.

ವರ್ಷಕ್ಕೊಮ್ಮೆ ಎತ್ತರದ ಕಂಬದ ತುದಿಗೆ ಮರದ ಗಿಳಿ ಕಟ್ಟಿ ಹೊಡೆಯುವ ಸ್ಪರ್ಧೆ. ಗಿಳಿಯನ್ನು ಬೀಳಿಸಿದವನು ಆ ವರ್ಷದ ‘ರಾಜ’, ಕೊರಳಿಗೆ ಬೆಳ್ಳಿ ಸರ. ದ್ರೋಣರು ಮರದ ಮೇಲೆ ಹಕ್ಕಿ ಇಟ್ಟು ಶಿಷ್ಯರನ್ನು ಪರೀಕ್ಷಿಸಿದ ಕಥೆ ನಿಮಗೆ ನೆನಪಾಗಿರಬೇಕು. ಈ ಆಟಕ್ಕೆ ಚೂಪಾದ ಅಲಗು ಬೇಡ, ಮೊಂಡು ತುದಿಯ ಬೋಲ್ಟ್ ಸಾಕು. 1440ರಲ್ಲಿ, ಮತ್ತೆ 1498ರಲ್ಲಿ ಖೆಂಟ್ ನಗರದಲ್ಲಿ ನಡೆದ ಅಡ್ಡಬಿಲ್ಲಿನ ಕೂಟಗಳಿಗೆ ತಗ್ಗುನಾಡಿನ ಎಷ್ಟೋ ಊರುಗಳಿಂದ ಗಿಲ್ಡ್‌ಗಳು ಮೆರವಣಿಗೆಯಲ್ಲಿ ಬಂದವು. ಯುದ್ಧದ ಕಸರತ್ತು ನಿಧಾನವಾಗಿ ಜಾತ್ರೆಯಾಯಿತು.

ಅಷ್ಟರಲ್ಲಿ ಬಂದೂಕು ಬಂತು. ಬಂದೂಕು ಗೆದ್ದದ್ದು ಅದರ ಬಲದಿಂದ ಅಂತ ಸಾಮಾನ್ಯವಾಗಿ ಹೇಳ್ತಾರೆ. ಅದು ನಿಜ, ಆದರೆ ಮತ್ತೆ ಬಾಣದ ಕಡೆಯಿಂದ ನೋಡಿ. ಒಂದು ಬೋಲ್ಟಿಗೆ ಕಮ್ಮಾರ ಬೇಕು, ಮರಗೆಲಸದವನು ಬೇಕು, ಗರಿ ಕೂರಿಸುವವನು ಬೇಕು. ಬಂದೂಕಿನ ಸೀಸದ ಗುಂಡಿಗೆ ಒಂದು ಸಣ್ಣ ಅಚ್ಚು ಮತ್ತು ಬೆಂಕಿ ಇದ್ದರೆ ಸಾಕು. ಸಿಪಾಯಿ ತಾನೇ ಬಿಡಾರದಲ್ಲಿ ಕೂತು ಎರಕ ಹೊಯ್ಯಬಹುದು. ಮದ್ದಿನ ಖರ್ಚು ಬೇರೆ ಇತ್ತು, ನಿಜ. ಆದರೂ ನಾಲ್ಕು ತಿಂಗಳ ಕುಲುಮೆಯ ಲೆಕ್ಕ ಅಲ್ಲಿಗೆ ಮುರಿದುಬಿತ್ತು ಅನ್ನೋದು ನನ್ನ ಅಭಿಪ್ರಾಯ.

ಚಿತ್ರದಲ್ಲಿ ಯಾರಿದ್ದಾರೆ?

1580ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮ್‌ನ ಮೂರು ಗಿಲ್ಡ್‌ಗಳು ಒಂದೇ ನಾಗರಿಕ ಪಡೆಯೊಳಗೆ ಸೇರಿಹೋದವು. ಅವರ ದೂಲೆನ್‌ಗಳು ಉಳಿದವು, ಗೋಡೆಗಳ ಮೇಲೆ ಚಿತ್ರಗಳು ಬಂದವು. ರೈಕ್ಸ್‌ಮ್ಯೂಸಿಯಂನಲ್ಲಿ ಜನ ಮುಗಿಬಿದ್ದು ನೋಡುವ ರೆಂಬ್ರಾಂಟನ ‘ನೈಟ್ ವಾಚ್’ 1642ರದು, ಬಂದೂಕಿನವರ ದೂಲೆನ್‌ಗಾಗಿ ಬರೆದದ್ದು. ಅದೇ ಮ್ಯೂಸಿಯಂನಲ್ಲಿ ಬಾರ್ಥೊಲೊಮೆಯುಸ್ ವಾನ್ ದೆರ್ ಹೆಲ್ಸ್ಟ್ 1648ರಲ್ಲಿ ಬರೆದ ಔತಣದ ದೊಡ್ಡ ಚಿತ್ರ ಇದೆ. ಮ್ಯೂನ್‌ಸ್ಟರ್ ಒಪ್ಪಂದದಿಂದ ಸ್ಪೇನಿನ ಜೊತೆಗಿನ 80 ವರ್ಷಗಳ ಯುದ್ಧ ಮುಗಿದ ಸಂಭ್ರಮಕ್ಕೆ, ಸೇಂಟ್ ಜಾರ್ಜ್ ಅಡ್ಡಬಿಲ್ಲಿನವರ ದೂಲೆನ್‌ನಲ್ಲಿ ನಡೆದ ಊಟ ಅದು. ರೇಷ್ಮೆ, ಕಸೂತಿ, ವೈನ್, ಮಾಂಸ, ಗಿಲ್ಡಿನ ಬೆಳ್ಳಿ ಕಟ್ಟಿದ ಕೊಂಬಿನ ಪಾನಪಾತ್ರೆ. ಎದ್ದು ಕಾಣೋದು ಇವೇ.

ಈ ಚಿತ್ರಗಳಲ್ಲಿ ಇರುವವರು ಮುಖ್ಯವಾಗಿ ಅಧಿಕಾರಿಗಳು, ಉಳ್ಳವರು. ಸ್ಖುಟ್ಟರ್ ಆಗೋಕೆ ಆಯುಧವನ್ನು ಸ್ವಂತ ಖರ್ಚಿನಲ್ಲಿ ತರಬೇಕಿತ್ತು, ಹಾಗಾಗಿ ಬಡವರು ಬಾಗಿಲಲ್ಲೇ ಉಳಿದರು. ಚಿತ್ರದಲ್ಲಿ ಕಾಣಿಸಿಕೊಳ್ಳೋಕೂ ಒಬ್ಬೊಬ್ಬರು ತಮ್ಮ ಪಾಲು ದುಡ್ಡು ಕೊಟ್ಟಿದ್ದರು. ನಮ್ಮ ವೀರಗಲ್ಲುಗಳಲ್ಲಿ ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವನ ಮೂರ್ತಿ ಇರುತ್ತೆ, ಎಷ್ಟೋ ಕಡೆ ಹೆಸರೂ ಇರುತ್ತೆ. ಅಲ್ಲಿ ನೆನಪು ಸಿಗೋದು ಸತ್ತವನಿಗೆ, ಇಲ್ಲಿ ದುಡ್ಡು ಕೊಟ್ಟವನಿಗೆ. ಎರಡರಲ್ಲೂ ಬಾಣ ಮಾಡಿದವನನ್ನು ಹುಡುಕಬೇಕು. ಸೇಂಟ್ ಬ್ರಯವೆಲ್ಸ್‌ನ ಮಾಲ್ಮಾರ್ಟ್ ಹೆಸರು ಇವತ್ತು ನಮಗೆ ಗೊತ್ತಿರೋದು ಯಾರೋ ಗುಮಾಸ್ತ ಅವನ ಕೂಲಿಯನ್ನು ಖರ್ಚಿನ ಬಾಬಿಗೆ ಬರೆದಿಟ್ಟದ್ದರಿಂದ.

ನಾವು ಇಲ್ಲಿಗೆ ಬಂದವರು, ಇಲ್ಲೇ ಹುಟ್ಟಿದ ನಮ್ಮ ಮಕ್ಕಳು, ಈ ದೇಶದ ಇತಿಹಾಸವನ್ನು ಮ್ಯೂಸಿಯಂ ಗೋಡೆಯಿಂದಲೇ ಕಲಿಯೋದು ಜಾಸ್ತಿ. ಆ ಗೋಡೆ ಹೇಳೋದು ಸುಳ್ಳಲ್ಲ, ಆದರೆ ಅದು ಊಟದ ಮೇಜಿನ ಕಥೆ. ಕುಲುಮೆ ಮತ್ತು ಉಗ್ರಾಣದ ಕಥೆ ಲೆಕ್ಕದ ಪುಸ್ತಕಗಳಲ್ಲಿ, ಬೀದಿಯ ಹೆಸರುಗಳಲ್ಲಿ, ಮಾತಿನ ಪದಗಳಲ್ಲಿ ಇದೆ. ಎರಡನ್ನೂ ಓದಿದರೆ ಈ ಊರು ಹೇಗೆ ನಿಂತಿತು ಅನ್ನೋದು ಅರ್ಥವಾಗುತ್ತೆ.

ಅಂದ ಹಾಗೆ, ಈ ಗಿಲ್ಡ್‌ಗಳು ಪೂರ್ತಿ ಸತ್ತಿಲ್ಲ. ಬ್ರಾಬಾಂಟ್ ಮತ್ತು ಲಿಂಬುರ್ಖ್ ಪ್ರಾಂತ್ಯಗಳಲ್ಲಿ ಇವತ್ತಿಗೂ ಇವೆ. ಬೇಸಿಗೆಯ ಭಾನುವಾರ ಡೋಲು, ಬಾವುಟ, ಬೆಳ್ಳಿ ಫಲಕಗಳ ಸಮೇತ ಮೆರವಣಿಗೆ ಹೊರಡ್ತಾರೆ. ಬ್ರಾಬಾಂಟಿನ ಕೆಲವು ಗಿಲ್ಡ್‌ಗಳಲ್ಲಿ ಅಡ್ಡಬಿಲ್ಲಿನ ಅಭ್ಯಾಸವೂ ಉಂಟು. ಐಂಡ್‌ಹೋವನ್ ಕಡೆ ಇರುವ ಕನ್ನಡಿಗರು ಒಮ್ಮೆ ಹೋಗಿ ನೋಡಿ, ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ.

ಉಳಿದವರಿಗೆ ಒಂದು ಸಣ್ಣ ಹೋಂವರ್ಕ್. ನಿಮ್ಮ ಊರಿನ ಹಳೆಯ ಭಾಗದಲ್ಲಿ ‘ದೂಲೆನ್’ ಅನ್ನುವ ಬೀದಿಯೋ ಕಟ್ಟಡವೋ ಇದೆಯಾ ನೋಡಿ. ಲೈಡೆನ್‌ನಲ್ಲಿ ಇದೆ, ಡೆಲ್ಫ್ಟ್‌ನಲ್ಲಿ ಇದೆ. ಹೇಗ್ ನಗರದ ಇತಿಹಾಸ ಮ್ಯೂಸಿಯಂ ಇರೋದೇ ಹಳೆಯ ಸೇಂಟ್ ಸೆಬಾಸ್ಟಿಯನ್ ದೂಲೆನ್‌ನಲ್ಲಿ. ಸಿಕ್ಕರೆ ಒಂದು ಫೋಟೋ ತೆಗೆದು, ಕನ್ನಡದಲ್ಲಿ ಎರಡು ಸಾಲು ಬರೆದು ಕಳಿಸಿ. ಕಾಗುಣಿತ ತಪ್ಪಾದರೂ ಪರವಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಓದ್ತೀನಿ.